ಕುಸುಬಿ ಎಣ್ಣೆ ಹಾಕಿದ ಕೀಲಿ

ಚಾವಿ ಮುರಿದದ್ದು ನನ್ನ ತಪ್ಪಲ್ಲ. ಇದನ್ನು ಯಾವ ವೇದಿಕೆಯ ಮೇಲೆ ಬೇಕಾದರೂ, ಎದುರಿಗೆ ಯಾರೇ ಕೂತಿರಲಿ, ಐದು ನಿಮಿಷದಲ್ಲಿ ಸಾಧಿಸಿ ತೋರಿಸಬಲ್ಲೆ. ಹನ್ನೆರಡು ವರ್ಷದ ಹುಡುಗಿಯ ಮಣಿಕಟ್ಟಿಗೆ ಹಿತ್ತಾಳೆ ಮುರಿಯುವ ಬಲ ಇರುವುದಿಲ್ಲ, ಒಂದು. ಬೀಗ ಮೊದಲೇ ಒಳಗಿನಿಂದ ಬಿಗಿದುಕೊಂಡಿತ್ತು, ಎರಡು. ಹಾಗೆ ಬಿಗಿದುಕೊಳ್ಳಲು ಕಾರಣ ನಾನಲ್ಲ, ಅದಕ್ಕೆ ಹಾಕುತ್ತಿದ್ದ ಎಣ್ಣೆ, ಮೂರು. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗೆಂದು ಊರೂರು ತಿರುಗುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಒಳಗೊಳಗೇ ಅಭ್ಯಾಸ ಮಾಡುತ್ತಿದ್ದದ್ದು ಆ ದಿನದ ವಿಷಯವನ್ನಲ್ಲ, ಇದನ್ನು. ಪ್ರತಿ ಸಲವೂ ಗೆಲ್ಲುತ್ತಿದ್ದೆ. ಗೆದ್ದಾದ ಮೇಲೂ ಒಂದು ಬುಧವಾರದ ಸಂಜೆಯಿಂದ ಶನಿವಾರದ ಮಧ್ಯಾಹ್ನದವರೆಗಿನ ಹೊತ್ತು ಹಾಗೇ ಉಳಿದುಬಿಡುತ್ತಿತ್ತು. ಅದಕ್ಕೆ ನನ್ನಲ್ಲಿ ಇವತ್ತಿಗೂ ವಾದವಿಲ್ಲ.

ಸಂತಪುರದ ನಮ್ಮ ಮನೆ ಒಂದರ ಹಿಂದೊಂದು ಮೂರು ಕೋಣೆಗಳ ಮನೆ. ಮುಂದೆ ಪಡಸಾಲೆ, ಮಧ್ಯದಲ್ಲಿ ನಡುಮನೆ, ಹಿಂದೆ ಅಡುಗೆಮನೆ. ಬೀದಿಯಲ್ಲಿ ನಿಂತರೆ ಒಲೆಯ ಬೆಂಕಿ ನೇರವಾಗಿ ಕಾಣುತ್ತಿತ್ತು. ಅವ್ವ ಸರಕಾರಿ ದವಾಖಾನೆಯಲ್ಲಿ ನರ್ಸು. ಅಪ್ಪ ಭಾಲ್ಕಿಯಲ್ಲಿ ಮಾಸ್ತರ. ಅಲ್ಲೇ ಒಂದು ಖೋಲಿ ಹಿಡಿದುಕೊಂಡು ಇದ್ದು, ಶನಿವಾರ ಸಂಜೆಗೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದ. ಮನೆ ನಡೆಸುತ್ತಿದ್ದವಳು ಆಯಿ, ಅಪ್ಪನ ತಾಯಿ. ನಡುಮನೆಯ ಒಂದು ಗೋಡೆ ಪೂರ್ತಿ ಅವಳದು. ಒಂದು ತುದಿಗೆ ಕಟ್ಟಿಗೆಯ ಶಿಲುಬೆ, ಅದರ ಪಕ್ಕದಿಂದ ಸಾಲಾಗಿ ಮೊಳೆಗಳು, ಪ್ರತಿ ಮೊಳೆಗೆ ಒಂದು ಚಾವಿ. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತಾರೆ, ಕೀಲಿಕೈಗೆ ಚಾವಿ. ಗೋಡೆಯ ಮೇಲಿನ ಯಾವ ಚಾವಿಯೂ ನಮ್ಮದಲ್ಲ. ಮಳೆ ಮೇಲಿಂದ ಮೇಲೆ ಕೈಕೊಟ್ಟ ಆ ವರ್ಷಗಳಲ್ಲಿ ದೀಪಾವಳಿ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ಮನೆಗಳು ಒಂದೊಂದಾಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಬೋಗುಣಿ, ತವೆ, ಹಾಸಿಗೆಯ ಗಂಟು ಬಸ್ಸಿನ ಮೇಲೇರುತ್ತಿದ್ದವು; ಜನ ಹೈದರಾಬಾದಿಗೋ ಪುಣೆಗೋ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದರು. ಹೋಗುವ ಮುಂಚೆ ಚಾವಿ ತಂದು ಆಯಿಯ ಕೈಯಲ್ಲಿ ಇಡುತ್ತಿದ್ದರು. ಅವ್ವನದು ಪಗಾರದ ನೌಕರಿ, ನಾವು ಎಲ್ಲಿಗೂ ಹೋಗುವವರಲ್ಲ, ಅದೊಂದೇ ಕಾರಣ. ಅದನ್ನು ಆಯಿ ತನ್ನ ಗುಣಕ್ಕೆ ಸಿಕ್ಕ ಮರ್ಯಾದೆ ಅಂದುಕೊಂಡಿದ್ದಳು.

ಆಯಿಗೆ ಅಕ್ಷರ ಬರುತ್ತಿರಲಿಲ್ಲ. ಅದಕ್ಕೆ ಪ್ರತಿ ಚಾವಿಗೆ ಆ ಮನೆಯ ಹೆಂಗಸಿನ ಹಳೇ ಸೀರೆಯಿಂದ ಹರಿದ ಒಂದು ಚಿಂದಿ ಕಟ್ಟಿಸುತ್ತಿದ್ದಳು. ಹಸಿರು ಚೌಕಳಿ ಅಂದರೆ ಇಂಥವರ ಮನೆ, ನೀಲಿ ಬುಟ್ಟ ಅಂದರೆ ಇಂಥವರದು. ಶನಿವಾರ ಬೆಳಿಗ್ಗೆ ಚಿಂದಿಗಳ ಗೊಂಚಲು ಹಿಡಿದು ಹೊರಟಳೆಂದರೆ ಒಂದೊಂದೇ ಮನೆ ತೆರೆದು ಕಸ ಹೊಡೆದು, ಬೇವಿನ ಸೊಪ್ಪಿನ ಹೊಗೆ ಹಾಕಿ, ಬರುವಾಗ ಕೋಳಿಪುಕ್ಕದಿಂದ ಕೀಲಿಯ ಬಾಯಿಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಬರುತ್ತಿದ್ದಳು. ಕುಸುಬಿ ಎಣ್ಣೆ. ಒಗ್ಗರಣೆಗೆ ಅದೇ, ತಲೆಗೆ ಅದೇ, ಕೀಲಿಗೂ ಅದೇ. ರಾತ್ರಿಯ ಪ್ರಾರ್ಥನೆಯಲ್ಲಿ ನಮ್ಮ ಹೆಸರುಗಳಾದ ಮೇಲೆ ಆ ಮನೆಗಳ ಹೆಸರು ಬರುತ್ತಿದ್ದವು. ನಾನು ಒಂದು ಕಣ್ಣು ತೆರೆದು ನೋಡುತ್ತಿದ್ದೆ. ಖಾಲಿ ಮನೆಯ ಕಸ ಯಾರಿಗೆ ತೊಂದರೆ ಕೊಡುತ್ತದೆ, ದೇವರಿಗೆ ಓಣಿಯ ಪಟ್ಟಿ ಗೊತ್ತಿಲ್ಲವೇ ಎಂದು ಒಮ್ಮೆ ಕೇಳಿದಾಗ ಅವ್ವ ತಲೆಗೆ ಮೊಟಕಿದಳು, ಆಯಿ ನಕ್ಕಳು. ನನ್ನನ್ನು ವಕೀಲ್ ಬಾಯಿ ಎಂದು ಮೊದಲು ಕರೆದದ್ದು ಆಗಲೇ.

ವಕೀಲಿಕೆ ಕಲಿಸಿದ್ದು ಅಪ್ಪ. ಶನಿವಾರದ ಊಟವೆಂದರೆ ಜೋಳದ ರೊಟ್ಟಿ, ಝುಣಕ, ಆಮೇಲೆ ಒಂದು ಆಟ. ಅಪ್ಪ ತನ್ನ ನೀರಿನ ಲೋಟವನ್ನು ತಾಟಿನ ಪಕ್ಕ ನೆಟ್ಟಗೆ ಇಟ್ಟರೆ ನಾನು ವಿಷಯದ ಪರವಾಗಿ ಮಾತಾಡಬೇಕು. ಬೋರಲು ಹಾಕಿದನೆಂದರೆ ಆ ಕ್ಷಣದಿಂದಲೇ ವಿರುದ್ಧ. ವಿಷಯ ಏನಾದರೂ ಆಗಬಹುದು, ಹೊಲಕ್ಕೆ ಎತ್ತು ಒಳ್ಳೆಯದೋ ಟ್ರ್ಯಾಕ್ಟರೋ ಎಂಬುದರಿಂದ ಹಿಡಿದು ಅವ್ವನ ಸಾರಿಗೆ ಉಪ್ಪು ಕಡಿಮೆಯೋ ಹೆಚ್ಚೋ ಎಂಬುದರವರೆಗೆ. ಒಂದೇ ನಿಯಮ. ಸುಳ್ಳು ಹೇಳುವ ಹಾಗಿಲ್ಲ. ಇರುವ ನಿಜಗಳಲ್ಲಿ ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಿಕೊಳ್ಳುವುದೇ ಜಾಣತನ ಎಂದು ಅಪ್ಪ ಹೇಳಿಕೊಟ್ಟ. ಸಣ್ಣ ಮಾತೊಂದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಕೇಳುವವರು ದೊಡ್ಡದನ್ನೂ ನಂಬುತ್ತಾರೆ ಎಂದೂ ಹೇಳಿಕೊಟ್ಟ. ಅವನು ಒಳ್ಳೆಯ ಮಾಸ್ತರ. ಕಲಿತವಳು ನಾನು.

ನಮ್ಮ ಎದುರಿನ ಮನೆ ಗೌತಮ ಕಾಕಾನದು. ಅವನು ಗವಂಡಿ, ಗೋಡೆ ಕಟ್ಟುವವನು. ಅವನ ಹೆಂಡತಿ ಶೀಲಾ ಕಾಕಿ, ಮಗಳು ಸುಜಾತಾ, ಆಮೇಲೆ ಹುಟ್ಟಿದ ಒಬ್ಬ ತಮ್ಮ. ಓಣಿಯ ಉಳಿದ ಬಾಗಿಲುಗಳಿಗೆಲ್ಲ ಸರಪಳಿ ಮತ್ತು ತೂಗುವ ಬೀಗ. ಅವರ ಬಾಗಿಲಿಗೆ ಮಾತ್ರ ಹಲಗೆಯಲ್ಲೇ ಕೂಡಿಸಿದ ಬೀಗ, ಒಂದೇ ಒಂದು ಸೀಳು, ಒಂದೇ ಒಂದು ಹಿತ್ತಾಳೆಯ ಚಾವಿ. ಪುಣೆಯಲ್ಲಿ ದೊಡ್ಡ ಮನೆಗಳಿಗೆ ಹಾಕುವುದನ್ನು ನೋಡಿ ಬಂದು ತನ್ನ ಕೈಯಾರೆ ಬಾಗಿಲು ಕೊರೆದು ಕೂಡಿಸಿದ್ದ. ಒಳಗೆ ಗೋಡೆಗೆ ಬುದ್ಧನ ಪಟ, ಅದರ ಕೆಳಗೆ ಕೆಂಪು ಟ್ರಂಕು. ಸುಜಾತಾ ಮತ್ತು ನಾನು ಒಂದೇ ತರಗತಿ. ಆ ವರ್ಷ ದೀಪಾವಳಿಯ ಮೇಲೆ ಕಾಕಾ, ಕಾಕಿ ಹೋದರೂ ಏಳನೆಯ ತರಗತಿಯ ಪರೀಕ್ಷೆ ಮುಗಿಯುವವರೆಗೆ ಆಯಿ ಅವಳನ್ನು ಕಳಿಸಲಿಲ್ಲ. ನಮ್ಮ ನಡುಮನೆಯಲ್ಲಿ, ಚಾವಿಗಳ ಗೋಡೆಗೆ ಕಾಲು ಚಾಚಿ, ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಅವಳು ನನಗಿಂತ ಚೆನ್ನಾಗಿ ಓದುತ್ತಿದ್ದಳು. ತಡವರಿಸದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದುತ್ತಿದ್ದಳು; ಆಯಿ ರಾತ್ರಿ ಬೈಬಲ್ಲನ್ನು ನನ್ನ ಕೈಯಿಂದ ತೆಗೆದು ಅವಳಿಗೆ ಕೊಡುತ್ತಿದ್ದಳು. ಬೀದರಿನ ಒಂದು ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಇಬ್ಬರೂ ಕೂತೆವು. ಏಪ್ರಿಲಿನಲ್ಲಿ ಕಾಕಾ ಬಂದು ಅವಳ ಶಾಲೆಯ ದಾಖಲೆಗಳನ್ನು ಟ್ರಂಕಿನಲ್ಲಿಟ್ಟು, ಬಾಗಿಲು ಹಾಕಿ, ಮಗಳನ್ನು ಕರೆದುಕೊಂಡು ಹೋದ. ಚಾವಿಯ ಚಿಂದಿ ಸಡಿಲಾಗಿತ್ತೆಂದು ಬಸ್ಸಿನ ಬಾಗಿಲಲ್ಲಿ ನಿಂತೇ ಬಿಗಿದು ಆಯಿಯ ಕೈಗಿತ್ತ. ಕಂಡಕ್ಟರ್ ಸೀಟಿ ಊದುತ್ತಿದ್ದ. ಈ ಸೀಟಿಯನ್ನು ನೆನಪಿಡಿ, ಮುಂದೆ ನನಗೆ ಬಹಳ ಉಪಯೋಗಕ್ಕೆ ಬಂತು.

ಆ ಬೇಸಿಗೆ ಆಯಿಯ ಮೊಣಕಾಲು ಬಾತವು. ಶನಿವಾರದ ಕೆಲಸ ನನ್ನ ಪಾಲಿಗೆ ಬಂತು. ನಾನು ಗೊಂಚಲು ಹಿಡಿದು ಹೋಗಿ, ಯಾವ ಬಾಗಿಲನ್ನೂ ತೆರೆಯದೆ, ಪುಕ್ಕದ ಬದಲು ಬಟ್ಟಲಿನಿಂದಲೇ ಕೀಲಿಗಳಿಗೆ ಎಣ್ಣೆ ಸುರಿದು, ಬೇವಿನ ಮರದ ಕೆಳಗೆ ಅರ್ಧ ತಾಸು ಕೂತು ಬರುತ್ತಿದ್ದೆ. ಕುಸುಬಿ ಎಣ್ಣೆ ಬಿಸಿಲಿಗೆ ಕೂತಲ್ಲೇ ಅಂಟಾಗಿ, ಕೊನೆಗೆ ಅರಗಿನ ಹಾಗೆ ಗಟ್ಟಿಯಾಗುತ್ತದೆ ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ವಾರಕ್ಕೊಮ್ಮೆ ಚಾವಿ ತಿರುಗಿಸುತ್ತಿದ್ದರೆ ಕಟ್ಟಿಕೊಳ್ಳುತ್ತಿರಲಿಲ್ಲವೇನೋ. ಮೇಲೆ ಹೇಳಿದ ಮೂರನೆಯ ಅಂಶ ಇಲ್ಲಿಗೆ ಬಿದ್ದುಹೋಯಿತು. ವೇದಿಕೆಯ ಮೇಲೆ ನಾನು ಈ ಬೇವಿನ ಮರವನ್ನು ತರುವುದಿಲ್ಲ.

ಬೇಸಿಗೆಯ ಕೊನೆಗೆ ಒಂದು ಬುಧವಾರ ಮಧ್ಯಾಹ್ನ ಆ ವಸತಿ ಶಾಲೆಯ ಕಾಗದ ಬಂತು. ಸುಜಾತಾಳ ಮನೆಯವರು ಪುಣೆಯಲ್ಲಿದ್ದರಿಂದ ನಮ್ಮ ಮನೆಯ ವಿಳಾಸವನ್ನೇ ಕೊಟ್ಟಿದ್ದರು. ಸುಜಾತಾಳಿಗೆ ಸೀಟು ಸಿಕ್ಕಿತ್ತು, ನನಗೆ ಸಿಕ್ಕಿರಲಿಲ್ಲ. ಶಾಲೆ ಬಿಟ್ಟ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಎರಡರ ಮೂಲಪ್ರತಿಯನ್ನು ಶನಿವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಬೀದರಿನ ಕಚೇರಿಗೆ ಮುಟ್ಟಿಸಬೇಕು, ಇಲ್ಲವಾದರೆ ಸೀಟು ಮುಂದಿನ ಹೆಸರಿಗೆ ಹೋಗುತ್ತದೆ ಎಂದು ಬರೆದಿತ್ತು. ಅವ್ವ ಸಂಜೆಗೆ ಬಸ್ ಸ್ಟ್ಯಾಂಡಿನ ಕಿರಾಣಿ ಅಂಗಡಿಯಿಂದ, ಪುಣೆಯಲ್ಲಿ ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮನಿಗೆ ಫೋನ್ ಮಾಡಿ ಕಾಕಾನಿಗೆ ಸುದ್ದಿ ಮುಟ್ಟಿಸಿದಳು. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇವೆ, ಚಾವಿ ಆಯಿಯ ಹತ್ತಿರ ಇದೆಯಲ್ಲ ಎಂದು ಅವನು ಹೇಳಿದನಂತೆ. ಆಗ ಸುಜಾತಾ ಫೋನು ಕಸಿದುಕೊಂಡು, ಬೀದರಿಗೆ ಬಂದ ಮೇಲೆ ಪ್ರತಿ ಐತವಾರ ನಮ್ಮ ಮನೆಗೇ ಬರುವುದಾಗಿಯೂ ತನ್ನ ಕೌದಿಯನ್ನು ಯಾರಿಗೂ ಕೊಡಬಾರದೆಂದೂ ನನಗೆ ಹೇಳಿಕಳಿಸಿದಳು. ಹೊತ್ತು ಮುಳುಗುವ ಮುಂಚೆ ಆಯಿ ಚಾವಿ ಕೊಟ್ಟು ನನ್ನನ್ನು ಕಳಿಸಿದಳು.

ಚಾವಿ ಒಳಗೆ ಹೋಯಿತು, ತಿರುಗಲಿಲ್ಲ. ಎರಡೂ ಕೈ ಹಚ್ಚಿದೆ. ಕಿಟಕಿಯ ಕೆಳಗೆ ಒಂದು ಕಬ್ಬಿಣದ ಮೊಳೆ ಬಿದ್ದಿತ್ತು. ಅದನ್ನು ಚಾವಿಯ ತಲೆಯ ತೂತಿನಲ್ಲಿ ತೂರಿಸಿ, ಹಿಡಿಕೆಯ ಹಾಗೆ ಮಾಡಿ, ಮೈಭಾರ ಬಿಟ್ಟು ತಿರುಗಿಸಿದೆ. ಮಣಿಕಟ್ಟಿನ ಅಂಶವೂ ಬಿತ್ತು. ಕಡಲೆ ಒಡೆದಷ್ಟೇ ಸಣ್ಣ ಸದ್ದು. ತಲೆ ನನ್ನ ಕೈಯಲ್ಲಿ, ಉಳಿದದ್ದು ಒಳಗೆ, ಹೊರಗೆ ಏನೂ ಕಾಣದಷ್ಟು ಒಳಗೆ. ಎದುರು ಪಕ್ಷದವರು ಇಲ್ಲಿ ಎದ್ದು ಕೇಳಬೇಕಾದ ಪ್ರಶ್ನೆ ನನಗೆ ಗೊತ್ತಿದೆ. ಹೊಟ್ಟೆಕಿಚ್ಚು ಇತ್ತೇ? ಇತ್ತು. ಅದಕ್ಕೇ ಮುರಿದೆಯಾ? ಇಲ್ಲ. ಮುರಿದಾದ ಮೇಲೆ? ಅದಕ್ಕೆ ಉತ್ತರಿಸಲು ನನಗೆ ಆಗುವುದಿಲ್ಲ. ಹೆದರಿಕೆ ಇತ್ತು ಎಂದು ಮಾತ್ರ ಹೇಳಬಲ್ಲೆ, ಅದು ನಿಜ.

ಮನೆಗೆ ಬಂದು ಬಾಗಿಲು ತೆರೆಯಲಿಲ್ಲ ಎಂದೆ. ನಿಜವೇ. ಬೆಳಿಗ್ಗೆ ನೋಡೋಣ, ಅದಕ್ಕೊಂದು ಪಟ್ಟು ಇದೆ ಎಂದಳು ಆಯಿ. ಅವಳು ಒಲೆಯ ಮುಂದಿದ್ದಾಗ ನಾನು ಕೆಲಸ ಮುಗಿಸಿದೆ. ಒಡೆಯರಿಲ್ಲದ ಹಳೇ ಚಾವಿಗಳ ಡಬ್ಬಿಯೊಂದು ಗೋಡೆಯ ಗೂಡಿನಲ್ಲಿ, ಮಾಡದಲ್ಲಿ, ಇತ್ತು. ಅದರಿಂದ ಹೆಚ್ಚುಕಡಿಮೆ ಅಂಥದ್ದೇ ಒಂದು ಹಿತ್ತಾಳೆಯ ಚಾವಿ ಆರಿಸಿ, ಶೀಲಾ ಕಾಕಿಯ ಕೆಂಪಂಚಿನ ಚಿಂದಿಯನ್ನು ಬಿಚ್ಚಿ ಅದಕ್ಕೆ ಕಟ್ಟಿ ಮೊಳೆಗೆ ತೂಗುಹಾಕಿದೆ. ಮುರಿದ ತಲೆಯನ್ನು ಹಿತ್ತಲ ಬಾವಿಗೆ ಎಸೆದೆ. ಕಥೆಗಳಲ್ಲಿ ಬಾವಿಗೆ ಎಸೆದದ್ದು ಮುಳುಗುತ್ತದೆ. ನಮ್ಮ ಬಾವಿ ಎರಡು ವರ್ಷದಿಂದ ಒಣಗಿತ್ತು. ಕಲ್ಲಿಗೆ ಬಡಿದು ಟಣ್ಣೆಂದಿತು. ಮಾರನೆಯ ದಿನ ಬಿಸಿಲು ನೆತ್ತಿಗೆ ಬಂದಾಗ ಬಗ್ಗಿ ನೋಡಿದರೆ ತಳದಲ್ಲಿ ಹಳದಿಯಾಗಿ ಹೊಳೆಯುತ್ತಿತ್ತು. ಮೂರು ದಿನ ನಾನು ಆ ಬಾವಿಯ ಸುತ್ತಲೇ ಇದ್ದೆ.

ಗುರುವಾರ ಬೆಳಿಗ್ಗೆ ಆಯಿ ಕುಂಟುತ್ತ ತಾನೇ ಆ ಬಾಗಿಲಿಗೆ ಬಂದಳು. ಚಾವಿ ಅರ್ಧಕ್ಕೇ ನಿಂತಿತು. ಒತ್ತಿದಳು, ತೆಗೆದಳು, ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, ನಾನು ನಿರೀಕ್ಷಿಸಿದ್ದ ಒಂದೇ ಅಪಾಯದ ಪ್ರಶ್ನೆ ಕೇಳಿದಳು.

"ಹೋದ ಶನಿವಾರ ತೆರದಿದ್ದಿ ಅಲಾ ನೀ? ಅವತ್ತ ಹ್ಯಾಂಗ ಹೋಯ್ತು ಇದು?"

"ನಾ ತೆರದೇ ಇಲ್ಲ, ಆಯಿ," ಎಂದೆ. "ಒಂದ್ ಶನಿವಾರನೂ ತೆರದಿಲ್ಲ. ಹೊರಗಿಂದ ಎಣ್ಣಿ ಹಾಕಿ ಬರ್ತಿದ್ದೆ. ನಿನಗ ಸುಳ್ಳ ಹೇಳೀನಿ."

ಹೇಳುತ್ತ ಅತ್ತುಬಿಟ್ಟೆ ಕೂಡ. ನಿಜವಾಗಿಯೇ ಅಳು ಬಂತು. ಆಯಿ ಬೈಯಲಿಲ್ಲ, ಒಪ್ಪಿಕೊಂಡ ಮಗುವನ್ನು ಬೈಯಬಾರದು ಎಂಬುದು ಅವಳ ನಂಬಿಕೆ. ನನ್ನ ತಲೆ ನೇವರಿಸುತ್ತಲೇ ಅವಳು ನಾನು ಬಯಸಿದ ಕಡೆಗೆ ಬಂದಳು. ಏಪ್ರಿಲಿನಿಂದ ಯಾರೂ ಈ ಬಾಗಿಲು ತೆರೆದಿಲ್ಲವೆಂದರೆ, ಈ ಚಾವಿ ಈ ಕೀಲಿಯದೇ ಎನ್ನುವುದಕ್ಕೆ ಏನು ಆಧಾರ? ಹಾಗೆಂದು ನಾನು ಹೇಳಲಿಲ್ಲ. ಕಾಕಾ ಅವತ್ತು ಬಹಳ ಗಡಿಬಿಡಿಯಲ್ಲಿದ್ದನಲ್ಲವೇ ಎಂದು ಮಾತ್ರ ಕೇಳಿದೆ. ದವಾಖಾನೆಯಿಂದ ಬಂದ ಅವ್ವ ತಾನೂ ಒತ್ತಿ ನೋಡಿ, ಕೈ ಝಾಡಿಸಿ, ಆಯಿಗೆ ಹೇಳಿದಳು:

"ಬಡಿಗ್ಯಾನ ಕರಸ್ರಿ. ಬಾಗಲಾ ಒಡದು ಕಾಗದಾ ತಗೀರಿ. ಬಾಗಲಾ ಮತ್ತ ಮಾಡಸ್ಲಾಕ ಬರ್ತದ, ಹುಡುಗಿ ಸಾಲಿ ಮತ್ತ ಬರಂಗಿಲ್ರಿ."

ಅವ್ವ ಹೇಳಿದ್ದಕ್ಕಿಂತ ಸರಿಯಾದ ಮಾತನ್ನು ಆ ಮೂರು ದಿನ ಯಾರೂ ಆಡಲಿಲ್ಲ. ಬಾಗಿಲು ಒಡೆದರೆ ಬೀಗ ಕೈಗೆ ಬರುತ್ತದೆ, ಬೀಗ ಕೈಗೆ ಬಂದರೆ ಒಳಗಿನ ತುಂಡು ಬರುತ್ತದೆ. ಅಪ್ಪನ ಲೋಟ ನನ್ನ ಕಣ್ಣಮುಂದೆ ಬೋರಲಾಯಿತು.

"ಅದು ನಮ್ ಬಾಗಲಾ ಏನವ್ವಾ?" ಎಂದೆ. "ಕಾಕಾಗ ಕೇಳದೇ ಒಡದ ಮ್ಯಾಲ ಒಳಗಿಂದು ಏನರೆ ಇಲ್ಲಂದ್ರ ಯಾರು ಜವಾಬ? ನಾವೇ ಬಾಗಲಾ ಒಡದೇವಂದ್ರ ಉಳದ ಮಂದಿ ಯಾವ ಧೈರ್ಯದ ಮ್ಯಾಲ ಆಯಿ ಕೈಯಾಗ ಚಾವಿ ಕೊಡ್ತಾರ?"

ಆಯಿ ಗೋಡೆಯ ಮೊಳೆಗಳನ್ನು ನೋಡುತ್ತಿದ್ದಳು. ಅವಳ ಬದುಕಿನಲ್ಲಿ ಅವಳದೇ ಎನ್ನುವ ದೊಡ್ಡಸ್ತಿಕೆ ಅದೊಂದೇ. ಹುಡುಗಿ ಹೇಳುವುದು ಖರೆ ಅದ, ಕೇಳಿಯೇ ಮುಟ್ಟಬೇಕು ಎಂದಳು. ಕಾಕಾ ಗವಂಡಿ ಕೆಲಸ ಬಿಟ್ಟು ಫೋನಿಗೆ ಸಿಗುವುದು ಸಂಜೆಗೆ. ಹಗಲು ಪೂರ್ತಿ ಹೋಯಿತು.

ಸಂಜೆ ಕಿರಾಣಿ ಅಂಗಡಿಯಲ್ಲಿ ಆಯಿ ಫೋನನ್ನು ನನ್ನ ಕೈಗೆ ಕೊಟ್ಟಳು. ತನಗೆ ಅದರಲ್ಲಿ ಮಾತಾಡಲು ಬರುವುದಿಲ್ಲ, ನೀನೇ ಹೇಳು ವಕೀಲ್ ಬಾಯಿ ಎಂದಳು. ಆ ತುದಿಯಲ್ಲಿ ಸಿಮೆಂಟು ಕಲಸುವ ಯಂತ್ರದ ಸದ್ದು, ಅದರ ಮಧ್ಯೆ ಕಾಕಾನ ದನಿ.

"ಅದೇ ಚಾವಿನವ್ವಾ. ನನ್ನ ಕೈಲೇ ಕೀಲಿ ಹಾಕಿ ನಿಮ್ಮಾಯಿಗಿ ಕೊಟ್ಟೇನಿ."

"ಅವತ್ತ ಬಸ್ ನಿಂತಿತ್ತಲ್ರಿ ಕಾಕಾ? ಕಂಡಕ್ಟರ್ ಸೀಟಿ ಊದ್ತಿದ್ದ."

"ಹೌದು, ಊದ್ತಿದ್ದ."

"ನಿಮ್ ಕಿಸೆದಾಗ ಬ್ಯಾರೆ ಚಾವಿನೂ ಇದ್ದೂರಿ? ಪುಣೆ ಖೋಲಿದು, ಪೆಟ್ಟಿಗಿದು?"

"ಇದ್ದವು."

"ಚಿಂದಿ ಯಾರು ಕಟ್ಟಿದ್ರಿ?"

"ನಾನೇ ಕಟ್ಟಿದ್ನೆವ್ವಾ. ಬಸ್ಸಿನ ಬಾಗಲದಾಗ." ಯಂತ್ರ ಎರಡು ಸುತ್ತು ತಿರುಗಿತು. "ಹಂಗಾರ ನಾನೇ ತಪ್ಪೇನೇನ? ತಡಿ. ಒಡೀಬ್ಯಾಡ್ರಿ. ಇಲ್ಲೇ ಎಲ್ಲೋ ಇರ್ತದ, ಹುಡುಕ್ತೇನಿ."

ಅವನು ಕಣ್ಣಾರೆ ಕಂಡದ್ದನ್ನು, ಕೈಯಾರೆ ಮಾಡಿದ್ದನ್ನು ನಾನು ಮೂರು ಪ್ರಶ್ನೆಗಳಲ್ಲಿ ಅವನಿಂದ ಕಿತ್ತುಕೊಂಡಿದ್ದೆ. ಒಂದೂ ಸುಳ್ಳು ಹೇಳದೆ. ಅಲ್ಲಿಂದೀಚೆಗೆ ಬಹುಮಾನದ ಬಟ್ಟಲುಗಳು ಬೇಕಾದಷ್ಟು ಬಂದಿವೆ. ಅಷ್ಟು ಪೂರ್ತಿಯಾದ ಗೆಲುವು ಮತ್ತೆ ಸಿಕ್ಕಿಲ್ಲ. ಶುಕ್ರವಾರ ಅವನು ಕೆಲಸಕ್ಕೆ ಹೋಗದೆ ತಗಡಿನ ಖೋಲಿಯ ಸಾಮಾನನ್ನೆಲ್ಲ ಹೊರಗೆ ಹಾಕಿ ಹುಡುಕಿದ. ಹಿಟ್ಟಿನ ಡಬ್ಬಿಯನ್ನೂ ಸುರುವಿ ನೋಡಿದನಂತೆ. ಸಂಜೆ ಫೋನ್ ಮಾಡಿ, ಸಿಗಲಿಲ್ಲ, ಒಡೆದುಬಿಡಿ ಎಂದ. ಅಷ್ಟು ಆಸೆಪಟ್ಟು ಕೂಡಿಸಿದ ಬಾಗಿಲು ಎಂದು ಆಯಿಗೆ ಮನಸ್ಸು ಒಪ್ಪಲಿಲ್ಲ. ಔರಾದದಿಂದ ಮಿಸ್ತ್ರಿಯನ್ನು ಕರೆಸಿ ಒಮ್ಮೆ ತೋರಿಸೋಣ, ಆಗದಿದ್ದರೆ ಬಡಿಗ ಹೇಗೂ ಇದ್ದಾನೆ ಎಂದಳು. ನಾನು ಬಾಯಿ ತೆರೆಯಲಿಲ್ಲ. ತೆರೆಯುವ ಅಗತ್ಯ ಇರಲಿಲ್ಲ.

ಖಾಜಾ ಮಿಸ್ತ್ರಿ ಔರಾದದಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು, ಜೊತೆಗೆ ಚಾವಿ ಮಾಡಿಕೊಡುತ್ತಿದ್ದವನು. ಶನಿವಾರ ಮೊದಲ ಬಸ್ಸು ಕೆಟ್ಟು ನಿಂತು, ಅವನು ಬಂದು ಮುಟ್ಟಿದಾಗ ಒಂಬತ್ತಾಗಿತ್ತು. ಅವ್ವ ದವಾಖಾನೆಗೆ ಹೋಗಿದ್ದಳು, ಅಪ್ಪ ಭಾಲ್ಕಿಯಲ್ಲಿ. ಬಾಗಿಲ ಮುಂದೆ ಆಯಿ, ನಾನು, ಅವನು. ಮಿಸ್ತ್ರಿ ಮೊದಲು ಬೀಗದ ಬಾಯಿಯನ್ನು ಮೂಸಿ ನೋಡಿದ, ಉಗುರಿನಿಂದ ಕೆರೆದ. ಉಗುರಿಗೆ ಬೆಲ್ಲದ ಪಾಕದಂಥದ್ದು ಹತ್ತಿತು. ಆಮೇಲೆ ಕಿ‌ಸೆಯಿಂದ ಅಂಗೈಯಗಲದ ಕನ್ನಡಿ ತೆಗೆದು, ಬಿಸಿಲನ್ನು ಹಿಡಿದು, ಬೆಳಕಿನ ಒಂದು ಚೂರನ್ನು ಸೀಳಿನೊಳಗೆ ಬಿಟ್ಟ. ನಾನು ಬೇವಿನ ಮರದ ಕಡೆ ನೋಡುತ್ತ ನಿಂತೆ.

"ಚಾವಿ ಇಲ್ಲೇ ಅದ ನೋಡ್ರಿ ಆಯಿ," ಎಂದ. "ಒಳಗ ಮುರದು ಕೂತದ."

ಮಿಸ್ತ್ರಿ ಸಿರಿಂಜಿನಿಂದ ಘಾಸಲೇಟ್, ಅಂದರೆ ಸೀಮೆಎಣ್ಣೆ, ಬಿಟ್ಟು ಕಾಯ್ದ, ಕರಗಿದ ಅಂಟನ್ನು ಬಟ್ಟೆಗೆ ಒರೆಸಿ ಮತ್ತೆ ಬಿಟ್ಟ. ಸೈಕಲ್ಲಿನ ಎರಡು ಕಡ್ಡಿಗಳನ್ನು ಕಾನಸಿನಿಂದ ಉಜ್ಜಿ ಚಪ್ಪಟೆ ಮಾಡಿ ತುದಿಗೆ ಸಣ್ಣ ಗಾಳದ ಹಾಗೆ ಕೊಯ್ದ. ಅರ್ಧ ತಿರುಗಿ ನಿಂತಿದ್ದ ಸೀಳನ್ನು ಮೊದಲು ನೆಟ್ಟಗೆ ತಂದುಕೊಳ್ಳದೆ ತುಂಡು ಹೊರಗೆ ಬರುವುದಿಲ್ಲ. ತೆಳುವಾದ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ತಂದ. ಆಮೇಲೆ ತುಂಡಿನ ಎರಡೂ ಬದಿಗೆ ಒಂದೊಂದು ಕಡ್ಡಿ ಇಳಿಸಿ, ಎರಡನ್ನೂ ಕೂಡಿಸಿ ತಿರುವಿ ಎಳೆದ. ಜಾರಿತು. ಮತ್ತೆ ಇಳಿಸಿದ. ಎಷ್ಟು ಸಲ ಎಂದು ಲೆಕ್ಕವಿಲ್ಲ. ನೆರಳು ಅವನ ಕಾಲಿನಿಂದ ಸರಿದು ಹೊಸ್ತಿಲಿಗೆ ಬಂತು. ತನ್ನಷ್ಟಕ್ಕೆ ಮಾತಾಡುವವನಂತೆ ಹೇಳಿದ:

"ಮೊದಲನೇ ದಿನಾನೇ ಕರದಿದ್ರ ಹತ್ತು ಮಿನಿಟಿನ ಕೆಲಸ ಇತ್ತು. ಮ್ಯಾಲ ಇನ್ನೊಂದು ಚಾವಿ ತುರುಕಿ ತುರುಕಿ ತುಂಡಿಗಿ ಒಳಗ ದಬ್ಬ್ಯಾರ."

ದಬ್ಬಿದವಳು ಆಯಿ. ತನ್ನ ಕೈಗಳನ್ನು ನೋಡಿಕೊಂಡಳು. ಹನ್ನೊಂದು ಮುಕ್ಕಾಲಿಗೆ ತುಂಡು ಹೊರಬಂತು, ಹುಣಸೆಬೀಜದಷ್ಟು ಉದ್ದದ್ದು, ಎಣ್ಣೆ ಹಿಡಿದು ಕಪ್ಪಾದದ್ದು. ಮಿಸ್ತ್ರಿ ಅದನ್ನು ಒರೆಸಿ, ಮತ್ತೆ ಒಳಗೆ ಕೂಡಿಸಿ, ಹಿಂದಿನಿಂದ ಸ್ಕ್ರೂಡ್ರೈವರ್ ಹಚ್ಚಿ ತಿರುಗಿಸಿದ. ಬಾಗಿಲು ಸದ್ದಿಲ್ಲದೆ ತೆರೆಯಿತು. ಅದೇ ಚಾವಿ, ಅದೇ ಕೀಲಿ. ಆಯಿ ತುಂಡನ್ನು ಕೇಳಿ ಇಸಕೊಂಡಳು. ಚಿಂದಿ ಕಟ್ಟಿದ್ದ ಚಾವಿಯ ಪಕ್ಕ ಅಂಗೈಯಲ್ಲಿಟ್ಟು ನೋಡಿದಳು. ಅವಳ ಕಣ್ಣು ಚಾವಿಗಳ ಮೇಲೆ ನಿಲ್ಲಲಿಲ್ಲ, ಚಿಂದಿಯ ಗಂಟಿನ ಮೇಲೆ ನಿಂತಿತು. ನಾನು ಜಡೆಗೆ ಕಟ್ಟುವ ರಿಬ್ಬನ್ನಿನ ಗಂಟು ಅದು. ನನಗೆ ಬೇರೆ ಗಂಟು ಬರುತ್ತಿರಲಿಲ್ಲ. ಕಲಿಸಿದವಳು ಅವಳೇ. ಅವಳು ತಲೆ ಎತ್ತಿ ನನ್ನನ್ನು ನೋಡಿದ್ದು ಎಷ್ಟು ಹೊತ್ತೋ ಗೊತ್ತಿಲ್ಲ. ಆಮೇಲೆ ಮಿಸ್ತ್ರಿಯ ಕಡೆ ತಿರುಗಿದಳು.

"ಮುರದದ್ದು ಯಾರ ಮುಂದೂ ಅನಬ್ಯಾಡಪಾ, ತಮ್ಮಾ. ನಿನಗ ಕೈ ಮುಗಿತೇನಿ."

ಟ್ರಂಕಿನಲ್ಲಿ ಸೀರೆಗಳ ಕೆಳಗೆ ಕಾಗದಗಳು ಕಾಕಾ ಹೇಳಿದ ಜಾಗದಲ್ಲೇ ಇದ್ದವು. ಆ ಬಾತ ಮೊಣಕಾಲಿನಲ್ಲಿ ಆಯಿ ಓಡಿದಳು. ಹನ್ನೆರಡು ಕಾಲಿನ ಬಸ್ಸು ತುಂಬಿತ್ತು; ಬೀದರಿನವರೆಗೆ ನಿಂತೇ ಬಂದೆವು, ಅವಳ ಒಂದು ಕೈ ಕಂಬಿಯ ಮೇಲೆ, ಇನ್ನೊಂದು ಕೈ ಕಾಗದ ಇಟ್ಟುಕೊಂಡ ಎದೆಯ ಮೇಲೆ. ಕಚೇರಿ ಮುಟ್ಟಿದಾಗ ಎರಡಾಗುತ್ತಿತ್ತು. ಬಾಗಿಲಿಗೆ ಬೀಗ. ಪಡಸಾಲೆಯಲ್ಲಿ ಊಟದ ಡಬ್ಬಿ ತೊಳೆಯುತ್ತಿದ್ದ ಜವಾನ, ಸಾಹೇಬರು ಒಂದು ಗಂಟೆಯವರೆಗೆ ಕೂತಿದ್ದರು, ಸೋಮವಾರ ಬನ್ನಿ ಎಂದ. ಆಯಿ ಹೋಗಿ ಆ ಬೀಗವನ್ನು ಹಿಡಿದು ಒಮ್ಮೆ ಜಗ್ಗಿದಳು. ಜವಾನ ನಕ್ಕ. ಸೋಮವಾರ ಅಪ್ಪ ರಜೆ ಹಾಕಿ ಹೋದ. ಮುಂದಿನ ಹೆಸರು ಆಗಲೇ ತುಂಬಿಯಾಗಿತ್ತು. ಕಾಗದದಲ್ಲಿ ಸ್ಪಷ್ಟವಾಗಿ ಬರೆದಿತ್ತಲ್ಲ ಎಂದರಂತೆ. ಒಂದು ತಾಸು ವಾದ ಮಾಡಿ ಸೋತು ಬಂದ. ಅಂದಿನಿಂದ ಶನಿವಾರದ ಲೋಟದ ಆಟ ನಿಂತಿತು. ಏಕೆಂದು ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಅವನಿಗೆ ಏನಾದರೂ ಗೊತ್ತಿತ್ತೇ ಎಂಬುದೂ ಗೊತ್ತಿಲ್ಲ.

ಆ ಸೋಮವಾರ ಸಂಜೆ ಫೋನಿನಲ್ಲಿ ಮಾತಾಡಿದ್ದು ಆಯಿ. ನನ್ನ ಕೈಗೆ ಕೊಡಲಿಲ್ಲ. ಫೋನು ಎಷ್ಟು ಗಟ್ಟಿಯಾಗಿ ಕೇಳುತ್ತಿತ್ತೆಂದರೆ ಅಂಗಡಿಯವನಿಗೂ ಕಾಕಾನ ಮಾತು ಕೇಳಿಸುತ್ತಿತ್ತು. ಸೀಟು ಹೋದದ್ದನ್ನು ಕೇಳಿ ಅವನು ಒಂದೇ ಪ್ರಶ್ನೆ ಕೇಳಿದ.

"ಚಾವಿ ನಾನೇ ತಪ್ಪ ಕೊಟ್ಟಿದ್ನೇನ್ರಿ ಆಯಿ?"

ಆಯಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಗಡಿಬಿಡ್ಯಾಗ ಆಗ್ತದಪಾ," ಎಂದಳು. "ಬಿಡು."

ಆಯಿ ಸುಳ್ಳಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪನ ನಿಯಮದ ಪ್ರಕಾರ ನೋಡಿದರೆ ಅದೂ ಸುಳ್ಳಲ್ಲ. ಗಡಿಬಿಡಿಯಲ್ಲಿ ಆಗುತ್ತದೆ, ನಿಜ. ಅವಳು ನನ್ನನ್ನು ಹೊಡೆದಿದ್ದರೆ, ಓಣಿಯ ಮುಂದೆ ನಿಲ್ಲಿಸಿದ್ದರೆ ನಾನು ಬೇರೆ ಏನಾದರೂ ಆಗುತ್ತಿದ್ದೆನೋ ಏನೋ. ಅವಳು ನನ್ನನ್ನು ಉಳಿಸಿಕೊಂಡಳು. ಆಮೇಲೆ ಎಂದೂ ವಕೀಲ್ ಬಾಯಿ ಎಂದು ಕರೆಯಲಿಲ್ಲ, ಹೆಸರು ಹಿಡಿದೇ ಕರೆದಳು. ಮುಂದಿನ ದೀಪಾವಳಿಗೆ ಜನ ಚಾವಿ ತಂದಾಗ ಕಣ್ಣು ಮಂಜಾಗಿದೆ, ಗುರುತು ಹತ್ತುವುದಿಲ್ಲ ಎಂದು ಬಾಗಿಲಿನಿಂದಲೇ ಕಳಿಸಿದಳು. ಅವಳ ಕಣ್ಣು ಸಾಯುವವರೆಗೂ ಸೂಜಿಗೆ ದಾರ ಪೋಣಿಸುವಷ್ಟು ಚೆನ್ನಾಗಿದ್ದವು. ಮೊಳೆಗಳು ಖಾಲಿ ಉಳಿದವು. ಪ್ರಾರ್ಥನೆ ಚಿಕ್ಕದಾಯಿತು. ಅವಳು ಹೋದ ಮೇಲೆ ಮಾಡದೊಳಗಿನ ಡಬ್ಬಿ ತೆರೆದರೆ ಮುರಿದ ಚಾವಿಯ ಎರಡೂ ತುಂಡುಗಳನ್ನು ಒಂದಕ್ಕೊಂದು ತಾಗಿಸಿ, ಶೀಲಾ ಕಾಕಿಯ ಕೆಂಪಂಚಿನ ಚಿಂದಿಯಲ್ಲಿ ಸುತ್ತಿಟ್ಟಿದ್ದಳು. ತಲೆಯನ್ನು ಬಾವಿಗೆ ಎಸೆದದ್ದು ನಾನು ಯಾರಿಗೂ ಹೇಳಿರಲಿಲ್ಲ. ಆ ಮೊಣಕಾಲಿನಲ್ಲಿ ಅವಳು ಬಾವಿಗೆ ಹೇಗೆ ಇಳಿದಳೋ.

ಸುಜಾತಾಳನ್ನು ಮತ್ತೆ ನೋಡಿದ್ದು ಹೋದ ವರ್ಷ, ಬೀದರಿನ ಬಸ್ ಸ್ಟ್ಯಾಂಡಿನಲ್ಲಿ. ಅವಳೇ ಗುರುತು ಹಿಡಿದಳು. ಸಿಮೆಂಟಿನಿಂದ ಬೆರಳ ತುದಿಗಳು ಬಿರಿದಿದ್ದವು, ಸೊಂಟದಲ್ಲಿ ಮಗು. ಹಲಬರ್ಗಾದ ಕಡೆಗೆ ಮದುವೆಯಾಗಿದ್ದಾಳೆ, ವರ್ಷದಲ್ಲಿ ಎಂಟು ತಿಂಗಳು ಪುಣೆಯಲ್ಲೇ. ಕಾಕಾ ತೀರಿಕೊಂಡು ಎರಡು ವರ್ಷವಾಯಿತಂತೆ. ನನ್ನ ಓದು, ನೌಕರಿಯನ್ನೆಲ್ಲ ಕೇಳಿ ಸಂತೋಷಪಟ್ಟಳು. ನೀನು ಮೊದಲಿನಿಂದಲೂ ಮಾತಿನವಳು ಎಂದಳು. ಆಮೇಲೆ, ನಾನು ಕೇಳದೆಯೇ, ಮಗುವಿನ ಮೂಗು ಒರೆಸುತ್ತ ಹೇಳಿದಳು:

"ಅಪ್ಪ ಆ ಚಾವಿದು ಬಿಡಲೇ ಇಲ್ಲ ನೋಡು. ಸಾಯೋತನಾ ಎಲ್ಲಾ ಚಾವಿ ಉಡದಾರಕ್ಕ ಕಟ್ಕೊಂಡಿದ್ದ. ಕೀಲಿ ಹಾಕಿ ಮೂರು ಮೂರು ಸಲ ತೆರದು ನೋಡ್ತಿದ್ದ. ನನ್ನ ಕೈಲಿಂದ ಹುಡುಗಿ ಸಾಲಿ ಹೋಯ್ತು ಅಂತಿದ್ದ."

ಡಬ್ಬಿಯಲ್ಲಿ ಸಿಕ್ಕ ಆ ಚಾವಿ ತುಂಡುಗಳ ಗಂಟು ಬೀದರಿನ ನನ್ನ ಮನೆಯ ಕಪಾಟಿನಲ್ಲಿತ್ತು. ರಿಕ್ಷಾದಲ್ಲಿ ಹೋದರೆ ಹತ್ತು ನಿಮಿಷ. ಅವಳ ಬಸ್ಸು ಬರಲು ಇನ್ನೂ ಅರ್ಧ ತಾಸಿತ್ತು. ನಾನು ಬಾಯಿ ತೆರೆದೆ, ಹೇಳಬೇಕೆಂದೇ ತೆರೆದೆ.

"ಕಾಕಾಂದು ತಪ್ಪಿರಲಿಲ್ಲ, ಸುಜಾತಾ. ಚಾವಿ ಸರೀನೇ ಇತ್ತು. ಆಯಿ ಕೀಲಿಗಿ ಕುಸುಬಿ ಎಣ್ಣಿ ಹಾಕ್ತಿದ್ಳಲ್ಲ, ಅದು ಒಳಗ ಗಟ್ಟಿಯಾಗಿ ಕಟ್ಟಕೊಂಡಿತ್ತು."

ಅವಳು ಮಗುವನ್ನು ಒಂದು ಸೊಂಟದಿಂದ ಇನ್ನೊಂದಕ್ಕೆ ಬದಲಾಯಿಸಿದಳು. ಕಣ್ಣು ತುಂಬಿದ್ದವು, ಮುಖ ಹಗುರಾಗಿತ್ತು.

"ಹೌದೇನು," ಎಂದಳು. "ಆಯಿಗಿ ಪಾಪ ಗೊತ್ತಿರಲಿಲ್ಲ. ಒಳ್ಳೇದಕ್ಕ ಹಾಕ್ಯಾಳ."

ಹೌದೆಂದು ತಲೆಯಾಡಿಸಿದೆ. ಬಸ್ಸು ಬಂತು, ಅವಳ ಸಾಮಾನಿನ ಗಂಟು ಮೇಲೆ ಹಾಕಲು ಕೈಗೂಡಿಸಿದೆ. ನಾನು ಅವಳಿಗೆ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.